ಓದಿ ಹರಿಯುವುದು

ಶಾಮಿಯಾನದವರು ಬಂದು ಕಂಬ ಕಿತ್ತುಕೊಂಡು ಹೋದ ಮೇಲೆ ಅಂಗಳದಲ್ಲಿ ಆರು ಕುಳಿ ಉಳಿದವು. ನಿನ್ನೆ ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿದಿತ್ತು. ಇವತ್ತು ಬುಧವಾರ, ಬರೀ ಬುಧವಾರ. ಹನ್ನೊಂದು ದಿನ ಅಶ್ವಿನಿ ಎಲ್ಲಿ ಕೂರಬೇಕು, ಯಾವಾಗ ಏಳಬೇಕು, ಯಾರು ಬಂದರೆ ತಲೆ ತಗ್ಗಿಸಬೇಕು ಎಂಬುದನ್ನೆಲ್ಲ ಬೇರೆಯವರೇ ನೋಡಿಕೊಂಡಿದ್ದರು. ಹೊರಡುವಾಗ ಎಲ್ಲರೂ ಒಂದೊಂದು ಮಾತು ಬಿಟ್ಟು ಹೋಗಿದ್ದರು. ಧೈರ್ಯ ತಂದುಕೋ ಅಂದರು, ಸಂತೆಯಿಂದ ಸೊಪ್ಪು ತಂದುಕೋ ಅನ್ನುವ ಹಾಗೆ. ಮನಸ್ಸು ಗಟ್ಟಿ ಮಾಡಿಕೋ ಅಂದರು. ದೇವರಿಗೂ ಒಳ್ಳೆಯವರೇ ಬೇಕು ಅಂದರು. ಹಾಗಾದರೆ ಉಳಿದವರು ಎಂಥವರು ಎಂದು ಅವಳು ಹೇಳಿದವರ ಮುಖವನ್ನೇ ನೋಡಿದ್ದಳು. ಇಷ್ಟು ಮಾತಿನಲ್ಲಿ ಎದ್ದು ಹೋಗಿ ಕೈಯಿಂದ ಮಾಡಬಹುದಾದ್ದು ಒಂದೂ ಇರಲಿಲ್ಲ. ಶಂಕರಘಟ್ಟದಲ್ಲಿ ಎರಡು ವರ್ಷ ಸಸ್ಯಶಾಸ್ತ್ರ ಓದುವಾಗ ಪ್ರತಿಯೊಂದು ಪ್ರಯೋಗಕ್ಕೂ ಒಂದು ಹಾಳೆ ಇರುತ್ತಿತ್ತು: ತೆಗೆದುಕೊಳ್ಳುವುದು, ಕತ್ತರಿಸುವುದು, ನೋಡುವುದು, ಬರೆಯುವುದು. ಹನ್ನೆರಡನೆಯ ದಿನದ ಬೆಳಿಗ್ಗೆಗೆ ಅಂಥ ಹಾಳೆಯನ್ನು ಯಾರೂ ಬರೆದಿಟ್ಟಿರಲಿಲ್ಲ. ಅವಳು ಅತ್ತಿರಲೂ ಇಲ್ಲ. ಇದನ್ನು ಎದುರುಮನೆಯ ರಾಜೇಶ್ವರಮ್ಮ ಮೊದಲ ದಿನವೇ ಗಮನಿಸಿ, ಮೂರನೆಯ ದಿನ ಓಣಿಗೆ ತಿಳಿಸಿ, ಒಂಬತ್ತನೆಯ ದಿನ ಅವಳ ಕಿವಿಗೇ ಮುಟ್ಟಿಸಿದ್ದರು. "ಅತ್ತುಬಿಡು ತಾಯಿ, ಒಳಗಿಟ್ಕಂಡ್ರ ಗ್ಯಾಸ್ ಆಗ್ತೈತಿ."

ಮುಖ ತೊಳೆಯಲು ಬಚ್ಚಲಿಗೆ ಹೋದರೆ ಕಿಟಕಿಯಲ್ಲಿ ಅವಳ ಇಡ್ಲಿಹಿಟ್ಟಿನ ಬೋಗುಣಿ. ಅದಕ್ಕೆ ತಟ್ಟೆ ಮುಚ್ಚಿತ್ತು, ತಟ್ಟೆಯ ಮೇಲೆ ಯಾರೋ ಮೂರು ಬೆರಳು ವಿಭೂತಿ ಎಳೆದು ಒಂದು ಬಿಲ್ವಪತ್ರೆ ಇಟ್ಟಿದ್ದರು. ಪತ್ರೆ ಒಣಗಿ ಮುರುಟಿತ್ತು. ತಟ್ಟೆ ಎತ್ತಿದಳು. ಕಂದುಬಣ್ಣದ ನೀರು, ತಳದಲ್ಲಿ ಲಕೋಟೆಯ ಚೂರುಗಳು ಮಲಗಿದ್ದವು, ಮೇಲೆ ಇಪ್ಪತ್ತೋ ಮೂವತ್ತೋ ಅಂಚೆಚೀಟಿ ತೇಲುತ್ತಿದ್ದವು. ಆ ಶನಿವಾರ ಬೆಳಿಗ್ಗೆ ಗಂಡ ಕೊಟ್ರೇಶ ಲಕೋಟೆಯಿಂದ ಚೀಟಿ ಬಿಡಿಸಲೆಂದು ನೆನೆಹಾಕಿ ಹೋದದ್ದು. ಅಡುಗೆಯವರು ಬಂದಾಗ ಇದೇನೋ ತೀರಿಹೋದವರಿಗೆ ಸಂಬಂಧಪಟ್ಟ ಶಾಸ್ತ್ರ ಎಂದು ತಿಳಿದು ಹುಷಾರಾಗಿ ಎತ್ತಿಟ್ಟು ಪೂಜೆಯನ್ನೂ ಮಾಡಿದ್ದರು. ಅವಳಿಗೆ ನಗು ಬಂತು. ಅವನಿದ್ದಿದ್ದರೆ ಹೇಳಬಹುದಿತ್ತು, ನೋಡಿ, ನಿಮ್ಮ ಚೀಟಿಗೆ ಹನ್ನೊಂದು ದಿನ ನಿತ್ಯಪೂಜೆ ಆಗಿದೆ. ಆದರೆ ಅವನಿದ್ದಿದ್ದರೆ ಅವಳು ಹೇಳುತ್ತಿದ್ದದ್ದು ಅದಲ್ಲ. ಶನಿವಾರ ಒಂಬತ್ತು ನಲವತ್ತಕ್ಕೆ ಇದೇ ಬೋಗುಣಿ ತೋರಿಸಿ, "ಇನ್ನೊಂದು ಸಲ ನನ್ನ ಪಾತ್ರೇಲಿ ನೆನೆಹಾಕಿದ್ರೆ ನಾಳೆಯಿಂದ ನಿಮ್ಮ ಊಟಾನೂ ಅಂಚೇಲೇ ತರಿಸ್ಕೊಳ್ಳಿ," ಎಂದಿದ್ದಳು. ಅವನು ನಕ್ಕು, ಹೆಲ್ಮೆಟ್ ಹಾಕಿಕೊಂಡು, ಈಸೂರಿಗೆ ಅಳತೆಗೆ ಹೋದ. ಸರ್ವೆ ಇಲಾಖೆಯವನು. ಹನ್ನೊಂದು ಗಂಟೆಗೆ ಯಾರದೋ ಹೊಲದ ಬದುವಿನಲ್ಲಿ ಸರಪಳಿಯ ಒಂದು ತುದಿ ಹಿಡಿದು ನಿಂತಿದ್ದವನು ಹಾಗೇ ಕುಸಿದ. ಇನ್ನೊಂದು ತುದಿ ಹಿಡಿದಿದ್ದವನು ಸರಪಳಿ ಸಡಿಲ ಬಿಟ್ಟನೆಂದು ಬೈದನಂತೆ. ಮೂವತ್ತಾರು ವರ್ಷ.

ಚೀಟಿಗಳನ್ನು ಒಂದೊಂದಾಗಿ ಎತ್ತಿದಳು. ಬಣ್ಣ ಬಿಟ್ಟಿದ್ದವು, ಆದರೂ ಅಂಟು ಪೂರ್ತಿ ಬಿಟ್ಟು ಬಂದಿದ್ದವು. ಒಣಗಿಸಲು ಒತ್ತುಕಾಗದ ಬೇಕು, ಅದು ಅವನ ಬೀರುವಿನಲ್ಲಿ ಇರುತ್ತದೆ. ಮದುವೆಯಾದ ನಾಲ್ಕು ವರ್ಷದಲ್ಲಿ ಆ ಬೀರುವಿನ ಕೆಳಗಿನ ಮೂರು ಅರೆಗಳನ್ನು ಅವಳು ಮುಟ್ಟಿರಲಿಲ್ಲ. ಅದೊಂದು ಹುಚ್ಚು, ದೊಡ್ಡವನಾಗದ ಹುಡುಗನ ಹುಚ್ಚು ಎಂದು ತೀರ್ಮಾನಿಸಿಬಿಟ್ಟಿದ್ದಳು. ಅಂಚೆಚೀಟಿ, ಬೆಂಕಿಪೊಟ್ಟಣದ ಚಿತ್ರ, ಛಾಪಾಕಾಗದ, ಸೊನ್ನೆ ರೂಪಾಯಿಯ ಬಸ್ ಟಿಕೆಟ್. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೊದಲ ದಿನ ಅವನು ತಾಯಿಯನ್ನು ಶಿರಾಳಕೊಪ್ಪದವರೆಗೆ ಕಳಿಸಿ, ಇಳಿದು ತಕ್ಷಣ ವಾಪಸ್ ಬರುವಂತೆ ಹೇಳಿ, ಎರಡು ಟಿಕೆಟ್ ಸಂಪಾದಿಸಿದ್ದ. ಊರೂರಿನಿಂದ ಇಂಥದೇ ಹುಚ್ಚಿನವರು ಅಂಚೆಯಲ್ಲಿ ಚೀಟಿ ಅಂಟಿಸಿದ ಪುಸ್ತಕ ಕಳಿಸುತ್ತಿದ್ದರು, ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಮುಂದಿನ ಹೆಸರಿನವರಿಗೆ ಕಳಿಸಬೇಕಿತ್ತು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಒತ್ತುಕಾಗದ ಸಿಕ್ಕಿತು. ಅದರ ಕೆಳಗೆ ಪಾರದರ್ಶಕ ಚೀಲದಲ್ಲಿ ಒಂದು ಹಳೆಯ ಪೋಸ್ಟ್ ಕಾರ್ಡು. ಹದಿನೈದು ಪೈಸೆಯದು, ಹುಲಿಯ ತಲೆ ಅಚ್ಚಾಗಿದ್ದದ್ದು. ಒಂದು ಮೂಲೆಗೆ ಕಪ್ಪು ಬಳಿದಿತ್ತು. ತಲೆಯಲ್ಲಿ ಶ್ರೀ ಇಲ್ಲ, ಕ್ಷೇಮ ಇಲ್ಲ. ಅವಳು ಅಲ್ಲೇ ಕೂತು ಓದಿದಳು.

"ನಮ್ಮ ತಮ್ಮನಾದ ಸಣ್ಣಬೀರಪ್ಪನು ಮೊನ್ನೆ ಮಂಗಳವಾರ ಬಸ್ಸಿನಲ್ಲಿ ಬರುತ್ತಿರುವಾಗ ಹಳ್ಳದ ಸೇತುವೆ ಹತ್ತಿರ ಬಸ್ಸು ಬಿದ್ದು ತೀರಿಕೊಂಡಿರುತ್ತಾನೆ. ತಾವು ಕೂಡಲೆ ಹೊರಟು ಬರುವುದು. ಓದಿ ಹರಿಯುವುದು."

ತೊಗರ್ಸಿಯಲ್ಲಿ ಅವಳ ಅಜ್ಜಿ ಇಂಥ ಕಾರ್ಡನ್ನು ಹೊಸಲಿನೊಳಗೆ ತರಲು ಬಿಡುತ್ತಿರಲಿಲ್ಲ. ಅಂಗಳದಲ್ಲೇ ಯಾರಿಂದಲಾದರೂ ಓದಿಸುವುದು, ಓದಿ ಮುಗಿಯುತ್ತಿದ್ದಂತೆ ಕಿತ್ತುಕೊಂಡು ನಾಲ್ಕು ಚೂರು ಮಾಡಿ ತಿಪ್ಪೆಗೆ ಎಸೆಯುವುದು, ಆಮೇಲೆ ಅಳುವುದು. ಹರಿಯುವ ತನಕ ಅಳು ಇಲ್ಲ. ಸಾವಿನ ಕಾಗದ ಮನೆಯಲ್ಲಿ ಉಳಿದರೆ ಜೊತೆಗೊಬ್ಬರನ್ನು ಕರೆಯುತ್ತದಂತೆ. ಆರನೆಯ ಕ್ಲಾಸಿನ ಅಶ್ವಿನಿ ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಅಜ್ಜಿಗೆ ಹೇಳಿ ಕಡ್ಲೆಪುರಿಯನ್ನು ಕಳೆದುಕೊಂಡಿದ್ದಳು. ಈಗ ಇಪ್ಪತ್ತೊಂಬತ್ತರ ಅಶ್ವಿನಿಯ ಕೈ ಕಾರ್ಡನ್ನು ಉದ್ದಕ್ಕೆ ಹರಿದು, ಒಂದರ ಮೇಲೊಂದಿಟ್ಟು, ಅಡ್ಡಕ್ಕೆ ಹರಿದು, ಅಡುಗೆಮನೆಯ ಕಸದಬುಟ್ಟಿಗೆ ಹಾಕಿ, ಸೀರೆಗೆ ಒರೆಸಿಕೊಂಡಿತು. ಹನ್ನೆರಡು ದಿನದಲ್ಲಿ ಮೊದಲ ಸಲ ಯಾರೋ ಒಬ್ಬರು ಅವಳಿಗೆ ಸ್ಪಷ್ಟವಾಗಿ ಏನು ಮಾಡಬೇಕೆಂದು ಹೇಳಿದ್ದರು. ಮಾಡಿ ಮುಗಿಸಿದಾಗ ಎಂಟೂವರೆ. ಎದೆ ಸ್ವಲ್ಪ ಹಗುರಾಯಿತು. ಪಾಪ, ಯಾರೋ ಸಣ್ಣಬೀರಪ್ಪ, ಎಂದುಕೊಂಡು ಚಹಾಕ್ಕಿಟ್ಟಳು.

ಹನ್ನೊಂದಕ್ಕೆ ಪೋಸ್ಟ್‌ಮ್ಯಾನ್ ಪರಶುರಾಮ ಬಂದ. ಸೈಕಲ್ಲನ್ನು ಕುಳಿಯಲ್ಲಿ ನಿಲ್ಲಿಸಲು ಹೋಗಿ ಬೀಳಿಸಿ ಎತ್ತಿದ.

"ಹನ್ನೊಂದು ದಿನದ್ದು ಕೂಡಿಟ್ಟೀನಿ ಅಕ್ಕಾ. ನಿಮ್ಮ ಮಂದಿಗೆ ಸೂತಕ ಇಲ್ಲ ಬಿಡ್ರಿ, ಆದ್ರೂ ನಂಗ ಬರಾಕ ಕಾಲ ಏಳಲಿಲ್ಲ." ಒಂದು ಕಟ್ಟನ್ನು ಕೊಟ್ಟು ಒಂದು ಲಕೋಟೆಯನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡ. "ಇದು ರಾಣೆಬೆನ್ನೂರಿನ ತೋಟಪ್ಪನವರದ್ದು. ರಿಜಿಸ್ಟರ್ ಐತಿ. ಹೆಸರಿದ್ದೋರೇ ತಗಬೇಕು. ಇಲ್ಲಾಂದ್ರ ನಾನು ಇದರ ಮ್ಯಾಲೆ ಬರದು ವಾಪಸ್ ಕಳಿಸಬೇಕು."

"ಏನಂತ ಬರೀತೀರಿ?"

ಪರಶುರಾಮ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ಅದನ್ನ ನೀವು ಹೇಳಬೇಕ್ರಿ. ಮನಿಯವರು ಹೇಳಿದ್ದನ್ನ ನಾವು ಬರೆಯೋದು."

ಅವಳು ಬಾಯಿ ತೆರೆದಳು. ಹನ್ನೆರಡು ದಿನದಲ್ಲಿ ಆ ಮಾತನ್ನು ಅವಳು ಆಡಬೇಕಾಗಿಯೇ ಬಂದಿರಲಿಲ್ಲ. ಸುದ್ದಿಯನ್ನು ಮೈದುನ ವಾಟ್ಸಪ್ಪಿನಲ್ಲಿ ಹಾಕಿದ್ದ. ಆರಾಧನೆಯ ಕಾರ್ಡಿನಲ್ಲಿ ಲಿಂಗೈಕ್ಯ ಎಂದು ಅಚ್ಚು ಹಾಕಿಸಿದ್ದ. ಆಫೀಸಿನವರು ಕಪ್ಪು ಹಲಗೆಯ ಮೇಲೆ ಬರೆದಿದ್ದರು. ಮಾತು ಅವಳನ್ನು ಬಿಟ್ಟು ಎಲ್ಲ ಕಡೆ ತಿರುಗಿ ಬಂದಿತ್ತು. "ಅವರು ಇಲ್ಲ," ಎಂದಳು.

"ಇಲ್ಲ ಅಂದ್ರ ಬಾಗಿಲು ಹಾಕಿತ್ತು ಅಂತ ಬರೆಯೋ ಕಾಲಂ ಅದು." ಪರಶುರಾಮ ದನಿ ಇಳಿಸಿದ. "ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇದರೊಳಗೆ ಏನೂ ಇಲ್ಲ. ಖಾಲಿ. ವಿಳಾಸದಾರರು ಮೃತ ಅಂತ ಬರೆಸ್ಕಂಡು, ಸೀಲ್ ಹೊಡೆಸ್ಕಂಡು ವಾಪಸ್ ಹೋದ ಕವರಿಗೆ ಈ ಚೀಟಿ ಕೂಡಿಡೋರ ಪೈಕಿ ಬಾಳ ಬೆಲೆ ಅಂತ. ತೋಟಪ್ಪನವರು ಗ್ರೂಪ್‌ನಾಗ ಸುದ್ದಿ ನೋಡಿದ್ದೇ ತಡ, ಸಂಜಿ ಟಪಾಲಿಗೇ ಹಾಕ್ಯಾರ ನೋಡ್ರಿ ತಾರೀಖು."

ಅವಳು ನೋಡಿದಳು. ಅಷ್ಟು ಚೆಂದದ ಲಕೋಟೆ. ನಾಲ್ಕು ಹಕ್ಕಿಯ ಚೀಟಿಗಳನ್ನು ಅಳತೆ ಮಾಡಿ ಅಂಟಿಸಿದ್ದರು, ಮುದ್ರೆ ಬೀಳಲೆಂದು ಮೂಲೆಯಲ್ಲಿ ಜಾಗ ಬಿಟ್ಟಿದ್ದರು, ಷರಾ ಬರೆಯಲೆಂದು ಇನ್ನೂ ಒಳ್ಳೆಯ ಜಾಗ ಬಿಟ್ಟಿದ್ದರು. ಸಿಟ್ಟು ಬರಬೇಕಿತ್ತು. ಬರಲಿಲ್ಲ. "ಮನೆಯವರು ಸೈನ್ ಮಾಡಿದ್ರೆ ನಡೆಯಲ್ವಾ?"

"ನಡೀತೈತಿ," ಎಂದು ಪರಶುರಾಮ ಹಲ್ಲು ಬಿಟ್ಟ. "ಮಾಡ್ರಿ ಸೈನು. ಹೊಟ್ಟಿ ಉರಕಂಡು ಸಾಯ್ಲಿ ಆ ತೋಟಪ್ಪ." ಕೂಡಲೇ ನಾಲಿಗೆ ಕಚ್ಚಿಕೊಂಡ. ಹೊರಡುವಾಗ ಸೈಕಲ್ಲಿನ ಮೇಲೆ ಕೂತು, "ಕೊಟ್ರೇಶಣ್ಣನೂ ಏನು ಕಮ್ಮಿ ಇರಲಿಲ್ಲ ಅಕ್ಕಾ. ಅಂಡಮಾನಿನಾಗ ಇಲ್ಲದ ಮನುಷ್ಯಾಗೆ ಕವರ್ ಕಳಿಸಿ, ಇಂಥವರಿಲ್ಲ ಅಂತ ಬರದು ವಾಪಸ್ ಬಂದ ದಿನ ನನಗ ಎರಡು ಪ್ಲೇಟ್ ಮಿರ್ಚಿ ಕೊಡಿಸಿದ್ರು," ಎಂದು ಹೇಳಿ ಕಣ್ಣೊರೆಸಿಕೊಂಡು ಹೋದ.

ಕಟ್ಟಿನಲ್ಲಿ ಮೇಲಿದ್ದದ್ದು ಒಂದು ಇನ್ಲ್ಯಾಂಡ್ ಪತ್ರ. ಕಳಿಸಿದವರು: ಸಣ್ಣಬೀರಪ್ಪ, ನಿವೃತ್ತ ಕಂಡಕ್ಟರ್, ಬಸ್‌ಸ್ಟ್ಯಾಂಡ್ ಹಿಂಭಾಗ, ಸೊರಬ. ಅವಳು ಹೆಸರನ್ನು ಎರಡನೆಯ ಸಲ ಓದಿದಳು. ಮುದ್ರೆಯ ತಾರೀಖು ನೋಡಿದಳು: ಮೊನ್ನೆ ಸೋಮವಾರ. ನಿಂತಲ್ಲೇ ಬಿಡಿಸಿದಳು.

"ಕೊಟ್ರೇಶಪ್ಪನವರಿಗೆ ನಮಸ್ಕಾರ. ನಾನು ಈವರೆಗೆ ಕ್ಷೇಮ. ಮುಂದಿನದು ನಿಮ್ಮ ಕೈಯಲ್ಲಿದೆ. ಶಿವಮೊಗ್ಗದ ಪ್ರದರ್ಶನಕ್ಕೆ ಇಟ್ಟು ಹದಿನೈದು ದಿನದಲ್ಲಿ ತಂದುಕೊಡುತ್ತೇನೆಂದು ನನ್ನ ಕಾರ್ಡು ಒಯ್ದು ಎರಡು ತಿಂಗಳಾಯಿತು. ನಿಮಗೆ ಅದೊಂದು ಅಪರೂಪದ ಕಾಗದ ಇರಬಹುದು. ಎಂಬತ್ತನಾಲ್ಕರಲ್ಲಿ ಬಸ್ಸು ಹಳ್ಳಕ್ಕೆ ಬಿತ್ತೆಂದು ಯಾರೋ ಹೇಳಿದ್ದಕ್ಕೆ ನನ್ನ ಅಣ್ಣ ಹಿಂದೆಮುಂದೆ ನೋಡದೆ ಹತ್ತು ಕಾರ್ಡು ಬರೆದು ಹಾಕಿದ. ಬಸ್ಸು ಬಿದ್ದದ್ದು ನಿಜ, ಆದರೆ ನಾನು ಬಳ್ಳಿಗಾವಿಯಲ್ಲೇ ಇಳಿದು ಊಟ ಮಾಡಿ ಮಲಗಿದ್ದೆ. ನಂಟರು ಅಳುತ್ತಾ ಬಂದಾಗ ನೀರು ಕೊಟ್ಟವನೇ ನಾನು. ಅಷ್ಟರಲ್ಲಿ ಒಂಬತ್ತು ಮನೆಯಲ್ಲಿ ಕಾರ್ಡು ಹರಿದಾಗಿತ್ತು. ಹರಿದರೆ ಒಪ್ಪಿಕೊಂಡ ಹಾಗೆ. ಹತ್ತನೆಯದು ನನ್ನ ಅತ್ತೆಮನೆಗೆ ಹೋಗಿತ್ತು, ಅತ್ತೆಗೆ ಓದು ಬಾರದು, ಹುಲಿ ಚೆನ್ನಾಗಿದೆಯೆಂದು ಜಂತೆಗೆ ಸಿಕ್ಕಿಸಿದ್ದರು. ಆ ಒಂದು ಕಾರ್ಡು ಹರಿಯದೆ ಇರುವುದರಿಂದ ನಾನು ಇದ್ದೇನೆ. ನಗಬೇಡಿ. ನೀವು ಓದಿದವರು, ನಗುತ್ತೀರಿ. ರಿಜಿಸ್ಟರ್ ಮಾಡಿ ಕಳಿಸಿ, ಮಡಿಚಬೇಡಿ."

ನಗಬೇಕಾದ್ದು ಅವಳೇ. ಬಯೋಸ್ಟ್ಯಾಟಿಸ್ಟಿಕ್ಸಿನಲ್ಲಿ ಅರವತ್ತೆಂಟು ಅಂಕ ತೆಗೆದವಳು; ಎರಡು ಸಂಗತಿ ಒಂದರ ಹಿಂದೆ ಒಂದು ನಡೆದರೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂದು ಹಾಳೆಗಟ್ಟಲೆ ಬರೆದು ಪಾಸಾದವಳು. ಆದರೆ ಶನಿವಾರ ಒಂಬತ್ತು ನಲವತ್ತಕ್ಕೆ ಊಟ ಅಂಚೆಯಲ್ಲಿ ತರಿಸಿಕೊಳ್ಳಿ ಎಂದಿದ್ದಳು, ಹನ್ನೊಂದಕ್ಕೆ ಅವನು ಬಿದ್ದಿದ್ದ. ಇವತ್ತು ಎಂಟೂವರೆಗೆ ಹರಿದಿದ್ದಳು, ಈಗ ಹನ್ನೊಂದೂ ಕಾಲು. ಅಡುಗೆಮನೆಗೆ ಓಡಿದಳು. ಬುಟ್ಟಿ ಖಾಲಿ, ಅತ್ತೆ ತೊಳೆದು ಬೋರಲು ಹಾಕಿದ್ದರು. ಓಣಿಯ ಕೊನೆಯಲ್ಲಿ ಪುರಸಭೆಯ ಕಸದ ಗಾಡಿಯ ಹಾಡು ತಿರುವು ದಾಟುತ್ತಿತ್ತು.

ಗಂಡ ಹೋದ ಮೇಲೆ ಹೊಸಲು ದಾಟದ ಹೆಂಗಸು ಬರಿಗಾಲಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಸದ ಗಾಡಿಯ ಹಿಂದೆ ಕೆರೆಯ ದಿಕ್ಕಿಗೆ ಓಡುವುದನ್ನು ಆ ಓಣಿ ಮೊದಲ ಸಲ ನೋಡಿತು. ಗಾಡಿಯ ಹಾಡು ಹಸಿ ಕಸ ಬೇರೆ ಒಣ ಕಸ ಬೇರೆ ಎಂದು ಹೇಳುತ್ತಲೇ ಇತ್ತು. ಡ್ರೈವರ್ ಯಲ್ಲಪ್ಪ ಕನ್ನಡಿಯಲ್ಲಿ ಅವಳನ್ನು ಕಂಡು, ಗಾಬರಿಯಾಗಿ, ಹಾಡನ್ನು ನಿಲ್ಲಿಸದೆ ಗಾಡಿಯನ್ನು ಮಾತ್ರ ನಿಲ್ಲಿಸಿದ.

"ಏನು ಬಿತ್ರಿ ಅಕ್ಕಾರ? ಬಂಗಾರ?"

"ಕಾರ್ಡು."

"ಎಟಿಎಮ್ಮಾ? ಅದಕ್ಯಾಕ ಓಡಿ ಬಂದ್ರಿ, ಫೋನ್ ಮಾಡಿ ಬ್ಲಾಕ್ ಮಾಡಿಸ್ರಿ."

"ಪೋಸ್ಟ್ ಕಾರ್ಡು. ಹರಿದಿರೋದು."

ಯಲ್ಲಪ್ಪ ಅವಳ ಹಣೆ ನೋಡಿದ, ಕಾಲು ನೋಡಿದ, ಹೆಚ್ಚು ಕೇಳಲಿಲ್ಲ. "ಹಸಿದೋ ಒಣದೋ?"

"ಗೊತ್ತಿಲ್ಲ."

"ದಿನಾ ಬಡಕಂತೀವಿ ಬ್ಯಾರೆ ಮಾಡಿ ಕೊಡ್ರಿ ಅಂತ," ಎನ್ನುತ್ತಾ ಅವನೇ ಗಾಡಿ ಹತ್ತಿ ಕೈಗವಸು ಹಾಕಿಕೊಂಡು ಕೆದಕಿದ. ಆರಾಧನೆಯ ಬಾಳೆಎಲೆಗಳು, ಅವುಗಳ ಮೇಲೆ ನಿನ್ನೆಯ ಹುಗ್ಗಿ. ನಂಟರು ಬಿಟ್ಟು ಹೋದ ನೀರಿನ ಬಾಟಲಿಗಳು. ಕೊಟ್ರೇಶನ ಫೋಟೋ ಅಚ್ಚಾದ ಆಹ್ವಾನಪತ್ರಿಕೆಗಳು ಅಲ್ಲಲ್ಲಿ ಮೇಲ್ಮುಖವಾಗಿ ಬಿದ್ದು ನಗುತ್ತಿದ್ದವು. ಒಂದು ಚೂರು ಸಿಕ್ಕಿತು. ಎರಡನೆಯದು ಹುಗ್ಗಿಗೆ ಅಂಟಿತ್ತು. ಇನ್ನೊಂದನ್ನು ಯಲ್ಲಪ್ಪ ಎತ್ತಿ, "ಹುಲಿ ಐತಿ ನೋಡ್ರಿ ಇದ್ರಾಗ," ಎಂದು ಸಂಭ್ರಮಪಟ್ಟ. ನಾಲ್ಕನೆಯದು ಸಿಗಲಿಲ್ಲ. ರಾಜೇಶ್ವರಮ್ಮನ ಜೊತೆ ನಾಲ್ಕಾರು ಹೆಂಗಸರು ಸೇರಿದ್ದರು. "ಅಳಲಿಲ್ಲ ಅಳಲಿಲ್ಲ ಅಂತಿದ್ವಿ," ಎಂದು ಅವರು ಪಿಸುಗುಟ್ಟಿದ್ದು ಹಾಡಿಗಿಂತ ಜೋರಾಗಿ ಕೇಳಿಸಿತು, "ಹಿಂಗ ಹೊರಬರ್ತೈತಿ ಅದು. ಪಾಪ, ಅವನ ಪತ್ರಿಕಿ ಹುಡುಕ್ಕಂತ ಬಂದಾಳ." ಅಶ್ವಿನಿ ಮೂರು ಚೂರನ್ನು ಮುಷ್ಟಿಯಲ್ಲಿ ಹಿಡಿದು ತಲೆ ತಗ್ಗಿಸಿ ಅವರ ನಡುವೆ ನಡೆದಳು. ದುಃಖದಿಂದ ಓಡಿದೆನೆಂದು ತಿಳಿದಿದ್ದಾರೆ, ತಿಳಿಯಲಿ. ಹಾಗೆ ತಿಳಿಯುವುದರಿಂದ ತನಗೆ ಒಳಗೊಳಗೆ ಸಮಾಧಾನವಾದದ್ದು ಗೊತ್ತಾಗಿ, ಅದಕ್ಕೂ ನಾಚಿದಳು.

ಅತ್ತೆ ಮಹಾದೇವಮ್ಮ ಆರಾಧನೆಯ ಅಡುಗೆಗೆ ಮಠದಿಂದ ತಂದ ಕೊಳದಪ್ಪಲೆ ತಿಕ್ಕುವುದನ್ನು ಬಿಟ್ಟು ಬಂದು ಪಕ್ಕದಲ್ಲಿ ಕೂತರು. ಅಶ್ವಿನಿ ಚೂರುಗಳನ್ನು ಒರೆಸಿ ನೆಲದ ಮೇಲೆ ಜೋಡಿಸಿದಳು. ಬಲಗಡೆಯ ಕೆಳಗಿನ ಮೂಲೆ ಇರಲಿಲ್ಲ. ಕಥೆಯನ್ನು ಕೇಳಿ ಮುಗಿಸಿ ಮಹಾದೇವಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. ನಲವತ್ತೆಂಟು ಗಂಟೆಯಲ್ಲಿ ಅವರು ಆಡಿದ ಉದ್ದದ ಮಾತು ಆಮೇಲೆ ಬಂತು.

"ಜೀವಂತ ಇದ್ದೋನ ಕಾರ್ಡು ಹರದಿ. ಹರೀಲಿ ಬಿಡು. ನಾನು ಹರದೆ ಅನ್ನು ಅವರ ಮುಂದ. ಮುದುಕಿ, ತಿಳೀಲಿಲ್ಲ ಅಂತಾರ. ಎಮ್ಮೆಸ್ಸಿ ಓದಿದೋಳು ಹರದಳು ಅಂದ್ರ ನಗ್ತಾರ."

"ಅತ್ತೆ, ನೀವ್ಯಾಕೆ?"

"ನಂದೇನು ಹೋಗೋದೈತಿ ಇನ್ನ?" ಎಂದು ಮಹಾದೇವಮ್ಮ ಹುಲಿಯ ಚೂರನ್ನು ಎತ್ತಿ ನೋಡಿ ಇಟ್ಟರು. "ಪೋಸ್ಟಿಗೆ ಹಾಕ್ಬ್ಯಾಡ. ಹರದಿದ್ದನ್ನ ಹಾಕಿದ್ರ ಪರಶುರಾಮನ ತಲಿಗೆ ಬರ್ತೈತಿ. ನೀನೇ ಹೋಗಿ ಕೊಟ್ಟು ಬಾ. ಇಸ್ಕಂಡಿದ್ದನ್ನ ಕೊಡದ ಹೋದಾನ ನನ್ನ ಮಗ, ಅದು ಆಗಬಾರದು."

"ತಿಂಗಳು ತುಂಬೋವರೆಗೆ ಹೊಸಲು ದಾಟಬಾರದು ಅಂತ ನಿನ್ನೆ ಎಲ್ಲಾರೂ..."

"ಕಸದ ಗಾಡಿ ಹಿಂದ ಓಡಿದೋಳಿಗೆ ಯಾವ ಹೊಸಲವ್ವ? ಹೋಗು."

ಮರುದಿನದ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕೇಳಿದ. ಕಾರ್ಡಿನಲ್ಲಿ ಅವಳ ಹೆಸರಿನ ಕೆಳಗೆ ಕೊಟ್ರೇಶನ ಹೆಸರಿತ್ತು. ಕಂಡಕ್ಟರ್ ಅದನ್ನು ನೋಡಲಿಲ್ಲ, ಫೋಟೋವನ್ನೂ ನೋಡಲಿಲ್ಲ, ಮಷೀನು ಒತ್ತಿ ಸೊನ್ನೆಯ ಟಿಕೆಟ್ ಹರಿದು ಕೊಟ್ಟ. ಶಿರಾಳಕೊಪ್ಪ ದಾಟಿದ ಮೇಲೆ ಪ್ರತಿ ಸೇತುವೆಯ ಹತ್ತಿರವೂ ಅವಳು ಕಿಟಕಿಯಿಂದ ಕೆಳಗೆ ನೋಡಿದಳು. ಕಾರ್ಡಿನ ಹಳ್ಳ ಯಾವುದೆಂದು ಬರೆದಿರಲಿಲ್ಲ, ಎಲ್ಲ ಹಳ್ಳವೂ ಬಸ್ಸು ಬೀಳುವಷ್ಟೇ ಆಳವಿದ್ದವು. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಳು. ತಗ್ಗಿದ ದನಿಯಲ್ಲಿ, ಕೂತು, ನೀರು ಕುಡಿದು: ನಮ್ಮ ಅತ್ತೆಯವರಿಗೆ ತಿಳಿಯದೆ. ಅತ್ತೆಯವರು ವಯಸ್ಸಾದವರು. ವಾಕ್ಯ ಚೆನ್ನಾಗಿ ಕೂತಿತು. ಕೊಟ್ರೇಶ ಚೀಟಿಯ ಹಿಂದೆ ಮಡಿಚಿದ ಸಣ್ಣ ಕಾಗದದ ಪಟ್ಟಿ ಅಂಟಿಸಿ ಪುಸ್ತಕದಲ್ಲಿ ಕೂರಿಸುವಾಗ ಉಸಿರು ಬಿಗಿ ಹಿಡಿಯುತ್ತಿದ್ದ. ಕೂತ ಮೇಲೆ ಬಿಡುತ್ತಿದ್ದ. ಆ ಉಸಿರು ಕೇಳಿ ಅವಳಿಗೆ ಎಷ್ಟು ರೇಗುತ್ತಿತ್ತು. ಮತ್ತೆ ಅನಿಸಿತು, ನಿನ್ನೆ ಎಂಟೂವರೆಯಿಂದ ಇವತ್ತು ಹತ್ತೂವರೆ, ಇಪ್ಪತ್ತಾರು ಗಂಟೆ. ಆ ಮನುಷ್ಯನಿಗೆ ಎಪ್ಪತ್ತಾದರೂ ಆಗಿರಬೇಕು. ಎಪ್ಪತ್ತರವರು ಯಾರೂ ಹರಿಯದಿದ್ದರೂ ಹೋಗುತ್ತಾರೆ. ಇದು ಸಂಖ್ಯಾಶಾಸ್ತ್ರ. ಅದರಿಂದ ಎದೆಬಡಿತ ಕಡಿಮೆಯಾಗಲಿಲ್ಲ.

ಸೊರಬದಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಕಂಡಕ್ಟರ್ ಮನೆ ಎಂದರೆ ಮೊದಲನೆಯವರೇ ತೋರಿಸಿದರು. ಗೇಟು ತೆರೆದಿತ್ತು. ಜಗಲಿಯ ಬೆಂಚಿನ ಮೇಲೆ ಒಬ್ಬ ಮುದುಕ ಅಂಗಾತ ಮಲಗಿದ್ದ. ಕಾಲಿನಿಂದ ಗಲ್ಲದವರೆಗೆ ಬಿಳಿಯ ಪಂಚೆ ಹೊದಿಸಿತ್ತು. ಕಣ್ಣು ಮುಚ್ಚಿತ್ತು. ಎರಡೂ ಕಿವಿಯಲ್ಲಿ ಹತ್ತಿ. ತಲೆಯ ಹತ್ತಿರ ಒಬ್ಬ ಮುದುಕಿ ಸುಮ್ಮನೆ ಕೂತಿದ್ದಳು. ಅಶ್ವಿನಿ ಗೇಟು ಹಿಡಿದು ನಿಂತಳು. ಕಾಲಿನ ಕೆಳಗಿನ ನೆಲ ಅಂಗಳದ ಆರು ಕುಳಿಗಳ ಹಾಗೆ ಅಲ್ಲಲ್ಲಿ ಇಲ್ಲವಾಯಿತು.

"ಬೆಳಕಿಗೆ ಅಡ್ಡ ನಿಂತಿದ್ದು ಯಾರಾ?" ಎಂದಿತು ಹೆಣ. "ನೊಣ ಓಡ್ಸೆ ಮೂಕಿ, ಮೂಗಿನ ಮೇಲೆ ಕೂತದೆ."

ಅಶ್ವಿನಿ ಗೇಟು ಬಿಟ್ಟು ಒಳಗೆ ಬಂದಳು. ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಶಿಕಾರಿಪುರದಿಂದ ಬಂದೆ," ಎಂದಳು, ಜೋಡಿಸಿಕೊಂಡಿದ್ದ ತಗ್ಗಿದ ದನಿಯಲ್ಲಿ. "ಕೊಟ್ರೇಶ್ ಅವರ ಮನೆಯಿಂದ."

"ಎಂತದು?"

"ಕಿವಿಗೆ ಎಣ್ಣೆ ಬಿಟ್ಟೀನಿ ಕಣಮ್ಮ, ಹತ್ತಿ ತೆಗಿಯಂಗಿಲ್ಲ," ಎಂದಳು ಮುದುಕಿ, ಅವನ ಹೆಂಡತಿ ಮೂಕಮ್ಮ. ಹೆಸರಿಗೆ ವಿರುದ್ಧವಾಗಿ ಅವಳ ದನಿ ಬಸ್‌ಸ್ಟ್ಯಾಂಡಿಗೆ ಕೇಳಿಸುವಂತಿತ್ತು. "ಕೂಗಿ ಹೇಳು."

"ಕಾರ್ಡು ತಂದಿದ್ದೀನಿ!"

ಸಣ್ಣಬೀರಪ್ಪ ಪಂಚೆ ಎಸೆದು ಎದ್ದು ಕೂತ. "ಕಾರ್ಡಾ! ಕೊಟ್ರೇಶಪ್ಪ ಎಲ್ಲಿ ಮಾರಾಯ್ತಿ? ಎರಡು ತಿಂಗಳು ಇಟ್ಕಂಡಿದ್ದಕ್ಕೆ ಮುಖ ತೋರ್ಸಕ್ಕೆ ನಾಚಿಕೆ ಆಯ್ತನ? ಹೆಂಡ್ತೀನ ಕಳ್ಸಿದ್ನಾ?"

"ಅವರು ಇಲ್ಲ."

"ಊರಾಗಿಲ್ವಾ? ಎಲ್ಲಿಗೆ ಹೋದ?"

"ಹೋದರು, ಅಜ್ಜ!"

"ಅದೇ ಎಲ್ಲಿಗೆ? ಸರ್ವೆಗಾ?"

ಅವಳ ಹತ್ತಿರ ಇದ್ದ ಮೆತ್ತನೆಯ ಮಾತುಗಳೆಲ್ಲ ಮುಗಿದಿದ್ದವು. ಲಿಂಗೈಕ್ಯ ಎಂಬುದನ್ನು ಕೂಗಲು ಬರುವುದಿಲ್ಲ, ಅದು ಅಚ್ಚು ಹಾಕಿಸುವ ಮಾತು. ಮುದುಕ ಕೈಯನ್ನು ಕಿವಿಗೆ ಒಡ್ಡಿ, ಸೀಟಿನ ಮೇಲೆ ಬಗ್ಗಿ ಎಲ್ಲಿಗೆ ಎಂದು ಕೇಳುವ ಕಂಡಕ್ಟರನ ಹಾಗೆ, ಮುಂದಕ್ಕೆ ಬಾಗಿ ಕಾಯುತ್ತಿದ್ದ.

"ತೀರಿಕೊಂಡ್ರು!"

ಎದುರುಮನೆಯ ಮಿಕ್ಸಿ ನಿಂತಿತು. ಆ ದನಿ ಎಲ್ಲಿಂದ ಬಂತೆಂದು ಅವಳಿಗೇ ತಿಳಿಯಲಿಲ್ಲ. ಬಂದದ್ದು ನಿಲ್ಲಲೂ ಇಲ್ಲ. "ತೀರಿಕೊಂಡ್ರು ಅಜ್ಜ! ಹನ್ನೆರಡು ದಿನ ಆಯ್ತು! ಈಸೂರಲ್ಲಿ, ಸರಪಳಿ ಹಿಡ್ಕೊಂಡು! ನಿಮ್ಮ ಕಾರ್ಡು ನಾನೇ ಹರಿದೆ, ಅತ್ತೆ ಅಲ್ಲ, ಅತ್ತೆ ಹರಿದ್ರು ಅಂತ ಹೇಳೋಣ ಅಂತ ಬಂದೆ! ನಾನೇ ಓದಿ ನಾನೇ ಹರಿದೆ! ಬೋಗುಣಿಗೂ ನಾನೇ ಬೈದೆ! ಒಂದು ಬೋಗುಣಿ ಅಜ್ಜ! ಇಡ್ಲಿ ಬೋಗುಣಿ!" ಬೇರೆಯವರ ಊರಿನಲ್ಲಿ, ಬೇರೆಯವರ ಮೆಟ್ಟಿಲ ಮೇಲೆ, ಕಾಂಪೌಂಡಿನ ಮೇಲಿಂದ ಮೂರು ತಲೆಗಳು ಇಣುಕುತ್ತಿರುವಾಗ, ಅವಳು ಮೂಗು ಸೋರಿಸಿಕೊಂಡು ಅತ್ತಳು. ಅಳು ಚೆಂದವಾಗಿರಲಿಲ್ಲ. ರಾಜೇಶ್ವರಮ್ಮ ನೋಡಬೇಕಿತ್ತು.

ಸಣ್ಣಬೀರಪ್ಪ ಒಂದು ಕಿವಿಯ ಹತ್ತಿಯನ್ನು ತೆಗೆದು ಹಿಡಿದುಕೊಂಡಿದ್ದ. "ಇನ್ನೊಂದ್ಸಲ ಹೇಳ್ಬ್ಯಾಡ ಮಗ," ಎಂದ. "ಕೇಳ್ತು."

ಮೂಕಮ್ಮ ನೀರು ತಂದಳು. ಅವಳು ಕುಡಿದು ಲೋಟ ಕೆಳಗಿಟ್ಟ ಮೇಲೆ ಮುದುಕ ಅಂಗೈ ಚಾಚಿದ. ಅಶ್ವಿನಿ ಚೀಲ ಬಿಚ್ಚಿ ಮೂರು ಚೂರನ್ನು ಅದರ ಮೇಲಿಟ್ಟಳು. ಅವನು ಕನ್ನಡಕ ಹಾಕಿಕೊಂಡು ಬೆಂಚಿನ ಮೇಲೆ ಜೋಡಿಸಿ, ಮೊದಲು ಸಾವಿನ ವಿಷಯ ನೋಡದೆ ಅಂಚು ನೋಡಿದ, ಹುಲಿ ನೋಡಿದ, ಮೂಸಿದ. "ಕಂಡೀಷನ್ ಹೋತು," ಎಂದು ನಿಟ್ಟುಸಿರಿಟ್ಟ. "ಹುಗ್ಗಿ ವಾಸ್ನೆ ಬೇರೆ." ಆಮೇಲೆ ತಟ್ಟನೆ ಏನೋ ಹೊಳೆದು ಎದೆಯ ಮೇಲೆ ಕೈಯಿಟ್ಟುಕೊಂಡ. "ಎಷ್ಟೊತ್ತಿಗೆ ಹರಿದೆ?"

"ನಿನ್ನೆ ಎಂಟೂವರೆಗೆ."

"ಏ ಮೂಕಿ, ನಿನ್ನೆ ಎಂಟೂವರೆಗೆ ನಂಗೆ ಎಂತ ಆಗಿತ್ತು?"

"ಎಂತ ಆಗದೆ? ಕಡುಬು ತಿಂತಿದ್ರಿ. ಏಳು."

ಸಣ್ಣಬೀರಪ್ಪನ ಮುಖ ಸಪ್ಪಗಾಯಿತು. ನಲವತ್ತು ವರ್ಷ ಟ್ರಂಕಿನಲ್ಲಿ ಕಾಪಾಡಿದ್ದು ಕೈಬಿಟ್ಟ ಗಳಿಗೆಯಲ್ಲಿ ಏಳು ಕಡುಬು ತಿನ್ನುತ್ತಿದ್ದೆನೆಂಬುದು ಅವನಿಗೆ ಅವಮಾನದಂತೆ ಕಂಡಿತು. ಬೆರಳಿಟ್ಟು ಓದತೊಡಗಿದ. "ನಮ್ಮ ತಮ್ಮನಾದ ಸಣ್ಣಬೀರಪ್ಪನು... ಹಳ್ಳದ ಸೇತುವೆ ಹತ್ತಿರ ಬಸ್ಸು ಬಿದ್ದು..." ಬೆರಳು ಬೆಂಚಿನ ಮರದ ಮೇಲೆ ಬಂತು. "ಬಿದ್ದು? ಆಮೇಲೆ?"

"ಆ ಚೂರು ಸಿಗಲಿಲ್ಲ ಅಜ್ಜ. ಕಸದ ಗಾಡೀಲಿ ಹೋಯ್ತು."

"ಹೋಗ್ಲಿ," ಎಂದಳು ಮೂಕಮ್ಮ. "ಆ ಮಾತು ಮನೆಯಾಗಿದ್ದು ಸಾಕು."

ಮುದುಕ ಕೇಳಿಸಿಕೊಳ್ಳದವನಂತೆ ಚೂರಿನಲ್ಲಿ ಉಳಿದಿದ್ದ ಕೊನೆಯ ಸಾಲಿಗೆ ಬಂದ. "ತಾವು ಕೂಡಲೆ ಹೊರಟು ಬರುವುದು." ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ. "ಬಂದ್ಯಲ್ಲ. ಮೆಟ್ಟಿಲ ಮೇಲೆ ಯಾಕೆ, ಮೇಲೆ ಬಂದು ಕೂತ್ಕ."

ಅವಳು ಮೇಲೆ ಹೋಗಿ ಕೂತಳು. ಅವನು ಒಳಗಿನಿಂದ ಹೊಸ ಪಾರದರ್ಶಕ ಚೀಲ ತಂದು ಮೂರು ಚೂರನ್ನು ಅದರಲ್ಲಿ ಸೇರಿಸಿದ. ಖಾಲಿ ಮೂಲೆಯನ್ನು ನೋಡಿ ತಲೆ ಅಲ್ಲಾಡಿಸಿದ. "ಟಿಕೆಟ್ ಕೊಡು."

"ಯಾವ ಟಿಕೆಟ್?"

"ಬಸ್ಸಿಂದು. ಎಸೆದ್ಯಾ?"

ಎಸೆದಿರಲಿಲ್ಲ. ಸೊನ್ನೆಯ ಟಿಕೆಟನ್ನು ಯಾವಾಗಲೂ ಮನೆಗೆ ತರುತ್ತಿದ್ದಳು. ಬೈಯುತ್ತಲೇ ತಂದು ಕೊಟ್ರೇಶನ ಮೇಜಿನ ಮೇಲಿಡುತ್ತಿದ್ದಳು. ಪರ್ಸಿನಿಂದ ತೆಗೆದುಕೊಟ್ಟಳು. ಸಣ್ಣಬೀರಪ್ಪ ಅದನ್ನು ಮಡಿಚಿ ಖಾಲಿ ಮೂಲೆಗೆ ಅಳತೆ ಮಾಡಿ ತೂರಿಸಿ, ಉಸಿರು ಬಿಗಿಹಿಡಿದು ಬೆರಳಿನಿಂದ ಒತ್ತಿ, ಕೂತ ಮೇಲೆ ಬಿಟ್ಟ. ಆಮೇಲೆ ಬೆಳಕಿಗೆ ಹಿಡಿದು ಮೂಗು ಮುರಿದ.

"ಈ ಮಷೀನ್ ಟಿಕೆಟ್ಟಿನ ಅಕ್ಷರ ಆರು ತಿಂಗಳಿಗೆ ಅಳಿಸಿ ಹೋಗ್ತದೆ, ಗೊತ್ತನ? ನಮ್ಮ ಕಾಲದ್ದು ಹಂಗಲ್ಲ. ಅಳಿಸ್ತಾ ಬಂದಂಗೆ ನಿಂಗೆ ಕಾಗದ ಬರೀತೀನಿ. ಇನ್ನೊಂದು ತಂದು ಕೊಡು."